ಉದ್ದಮ್ಮನ ಹೊಸ ಕೆಲಸ

ಮಾರ್ಚ್ ೪, ಮಂಗಳವಾರ

ಇವತ್ತು ಉದ್ದಮ್ಮ ಕಣ್ಣಿಗೆ ಬಿತ್ತು.

ಆಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ, ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬಿಸಿನೀರಿಗೆಂದು ಫ್ಲಾಸ್ಕ್ ಹಿಡಿದು ಹೋದವಳಿಗೆ ಮೊದಲು ಕಂಡದ್ದು ಹಿಂದಿನ ಬಂಪರಿನ ಎಡಮೂಲೆಯ ತಗ್ಗು. ಮಗಳು ಡ್ರೈವಿಂಗ್ ಕಲಿಯುವಾಗ ನಮ್ಮದೇ ಕಾಂಪೌಂಡಿಗೆ ಗುದ್ದಿ ಮಾಡಿದ್ದು ಅದು. ಹೆತ್ತ ಮಗುವಿನ ಮಚ್ಚೆಯ ಹಾಗೆ ಗುರುತು ಸಿಕ್ಕಿಬಿಟ್ಟಿತು. ಆಮೇಲೆ ಆ ಉದ್ದನೆಯ ಬೆನ್ನು, ಮೇಲಕ್ಕೆತ್ತುವ ಹಿಂಬಾಗಿಲು. ತಿಳಿಹಸಿರು ಹೋಗಿ ಬಿಳಿ ಬಂದಿದೆ. ಹಿಂಬದಿಯ ಗಾಜುಗಳಿಗೂ ಬಿಳಿಯನ್ನೇ ಬಳಿದಿದ್ದಾರೆ. ಪಕ್ಕದಲ್ಲಿ ಕಪ್ಪು ಅಕ್ಷರಗಳಲ್ಲಿ ಏನು ಬರೆದಿದೆಯೋ ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಆಸ್ಪತ್ರೆಯ ಮುಂಬಾಗಿಲಿನಿಂದ ನಡೆದು ಹೋಗಲಾಗದವರನ್ನು ಹಿಂದಿನ ಗೇಟಿನಿಂದ ಒಯ್ಯುವ ಗಾಡಿ ಈಗ ಅದು. ಇಷ್ಟು ಸಾಕು.

ಕಳೆದ ವರ್ಷದ ಕೊನೆಗೆ ಮಾರಿದ್ದೆವು. ಇವರಿಗೆ ಉಸಿರಿನ ತೊಂದರೆ ಹೆಚ್ಚಿ, ಬೋರ್ಡು ಬರೆಯುವ ಕೆಲಸ ನಿಂತಮೇಲೆ ಗಾಡಿ ಮನೆಯ ಮುಂದೆ ತುಕ್ಕು ಹಿಡಿಯುತ್ತಿತ್ತು. "ಇಷ್ಟುದ್ದದ ಹಳೇ ಸ್ಟೇಷನ್ ವ್ಯಾಗನ್ನು ಸಂಸಾರಸ್ಥರು ಯಾರೂ ತಗೊಳಲ್ಲಮ್ಮ, ಉದ್ದದ ಸಾಮಾನು ಸಾಗಿಸೋರಿಗೆ ಕೊಡಿಸ್ತೀನಿ" ಎಂದಿದ್ದ ದಲ್ಲಾಳಿ. ಅವನೇನೂ ಸುಳ್ಳು ಹೇಳಿರಲಿಲ್ಲ.

ಮೇಲೆ ವಾರ್ಡಿಗೆ ಬಂದೆ. ಇವರು ಮೂಗಿನ ಕೊಳವೆ ಸರಿಮಾಡಿಕೊಳ್ಳುತ್ತ, ಅರ್ಧಕ್ಕೆ ಬಿಟ್ಟ ಮಾತು ಮುಂದುವರಿಸುವವರಂತೆ, "ಉದ್ದಮ್ಮನ್ನ ಕೊನೆಗೆ ಯಾರು ತಗೊಂಡ್ರು ಕಣೇ? ನೀನು ಹೇಳಲೇ ಇಲ್ಲ" ಎಂದರು.

ಕೈಯಲ್ಲಿ ಫ್ಲಾಸ್ಕ್ ಖಾಲಿಯಾಗಿಯೇ ಇತ್ತು. ಬಾಯಿ ತಾನಾಗಿ ಹೇಳಿತು: "ವಾದ್ಯದವರು."

"ವಾದ್ಯದವರಾ?"

"ಹೂಂ. ಊರೂರು ತಿರುಗಿ ನುಡಿಸೋರಂತೆ."

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಒಳ್ಳೇದಾಯ್ತು" ಎಂದು ಕಿಟಕಿಯ ಕಡೆ ತಿರುಗಿದರು. ಕಿಟಕಿ ಹಿಂದಿನ ಅಂಗಳದ ಮೇಲಿದೆ. ಮಲಗಿದವರಿಗೆ ಆಕಾಶ ಮಾತ್ರ ಕಾಣುತ್ತದೆ, ಪುಣ್ಯಕ್ಕೆ.

ಮಾರ್ಚ್ ೬, ಗುರುವಾರ

ಸುಳ್ಳಿಗೆ ಕೈಕಾಲು ಮೂಡುತ್ತಿದೆ.

ಇವರಿಗೆ ದಿನವೂ ವಾದ್ಯದವರ ಸುದ್ದಿ ಬೇಕು. ಎಷ್ಟು ಜನ, ಏನು ನುಡಿಸುತ್ತಾರೆ, ಗಾಡಿ ಓಡಿಸುವವನು ಹೇಗೆ. ಅವರಲ್ಲೊಬ್ಬನ ಹತ್ತಿರ ಆಳೆತ್ತರದ ತಂತಿವಾದ್ಯ ಇದೆ, ಬೇರೆ ಯಾವ ಕಾರಿನಲ್ಲೂ ಅದು ಹಿಡಿಸುವುದಿಲ್ಲ, ಅದಕ್ಕೇ ನಮ್ಮ ಗಾಡಿ ಹುಡುಕಿಕೊಂಡು ಬಂದರು ಎಂದೆ.

"ನಿಲ್ಲಿಸಿ ಒಯ್ಯೋಕಾಗಲ್ವಾ?"

"ಮಲಗಿಸೇ ಒಯ್ಯಬೇಕಂತೆ. ಮೇಲೆ ಬಟ್ಟೆ ಹೊದಿಸಿ."

"ಪಾಪ" ಎಂದರು. ತುಟಿಯ ಕೊನೆಯಲ್ಲಿ ನಗುವಿತ್ತು.

ಮಧ್ಯಾಹ್ನ ಇವರಿಗೆ ನಿದ್ದೆ ಹತ್ತಿದಾಗ ಕವನ ಸಂಕಲನ ತೆರೆದು ಕೂತೆ. ದಿನಕ್ಕೊಂದು ಕವಿತೆಯಾದರೂ ಓದದೆ ದೀಪ ಆರಿಸಿದವಳಲ್ಲ ನಾನು. ಇವತ್ತು ಸಾಲುಗಳ ನಡುವಿನ ಖಾಲಿ ಜಾಗದಲ್ಲೆಲ್ಲ ಉದ್ದಮ್ಮನೇ ಓಡಾಡಿತು.

ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯಕ್ಕೆ ಕಪಾಟುಗಳ ಮೇಲಿನ ಫಲಕ ಬರೆಯಲು ಬಂದವರು ಇವರು. ‘ಕಾವ್ಯ’ ಎಂಬ ಎರಡಕ್ಷರಕ್ಕೆ ಇಡೀ ಒಂದು ಮಧ್ಯಾಹ್ನ ತೆಗೆದುಕೊಂಡರು. ಮೈಗಳ್ಳ ಎಂದುಕೊಂಡಿದ್ದೆ. ನನ್ನ ಮೇಜು ಆ ಕಪಾಟಿನ ಎದುರಿಗಿತ್ತು ಎಂಬುದು ಆಮೇಲೆ ಹೊಳೆಯಿತು. ಮದುವೆಯಾದ ವರ್ಷವೇ ಯಾರೋ ವೈದ್ಯರ ಮನೆಯಿಂದ ಈ ಗಾಡಿ ಕೊಂಡರು. ಅದರ ಎಳೆಯ ಪ್ರಾಯವನ್ನು ನಾವು ಕಾಣಲೇ ಇಲ್ಲ, ನಮ್ಮ ಹೊಸ್ತಿಲಿಗೆ ಬರುವಾಗಲೇ ಅದಕ್ಕೆ ನಡುವಯಸ್ಸು. ಸೀಟು ಮಡಚಿದರೆ ಆಳುದ್ದದ ಬೋರ್ಡು ಹಿಡಿಸುತ್ತಿತ್ತು. ಅದಕ್ಕೂ ಉದ್ದವಾದರೆ ಹಿಂಬಾಗಿಲು ತೆರೆದಿಟ್ಟು, ಹೊರಚಾಚಿದ ತುದಿಗೆ ಕೆಂಪು ಚಿಂದಿ ಕಟ್ಟಿಕೊಂಡು ಹೊರಡುತ್ತಿದ್ದೆವು. ನಮ್ಮ ಬಟ್ಟೆ, ಬುತ್ತಿ, ಮಗುವಿನ ತಲೆಗೂದಲು, ಎಲ್ಲಕ್ಕೂ ಟರ್ಪಂಟೈನ್ ವಾಸನೆ. ತೀರ ಹಿಂಬದಿಯಲ್ಲಿ, ಹಿಂದಕ್ಕೆ ಮುಖಮಾಡಿದ ಪುಟ್ಟ ಸೀಟೊಂದಿತ್ತು. ಅದು ಮಗಳ ಸಿಂಹಾಸನ. ನಾವಿಬ್ಬರೂ ಬರುವ ದಾರಿ ನೋಡುತ್ತಿದ್ದರೆ ಅವಳು ಬಿಟ್ಟುಬಂದ ದಾರಿ ನೋಡುತ್ತ, ಹಿಂದಿನ ಗಾಡಿಯವರಿಗೆಲ್ಲ ಕೈಬೀಸುತ್ತ ಬೆಳೆದಳು. "ಅಪ್ಪಾ, ದೊಡ್ಡ ಮರ" ಎಂದು ಅವಳು ಕೂಗುವ ಹೊತ್ತಿಗೆ ಆ ಮರ ನಮಗೆ ಮರೆತೇ ಹೋಗಿರುತ್ತಿತ್ತು.

ಇವರು ಎದ್ದು ಓಡಾಡುವಂತಾದ ಮೇಲೆ ಅದನ್ನು ವಾಪಸು ಕೊಳ್ಳಬೇಕು. ಬಿಳಿ ಕೆರೆಸಿ ತಿಳಿಹಸಿರೇ ಹೊಡೆಸಬೇಕು.

ಮಾರ್ಚ್ ೯, ಭಾನುವಾರ

ಹಿಂದಿನ ಗೇಟು ಬಿಟ್ಟು ಸುತ್ತುಹಾಕಿ ಓಡಾಡುತ್ತಿದ್ದೆ. ಇವತ್ತು ಬೆಳಿಗ್ಗೆ ಸೆಲ್ಫ್ ಹೊಡೆಯುವ ಸದ್ದು ಕೇಳಿ ಕಾಲು ನಿಂತಿತು. ಉದ್ದಮ್ಮ ಕೆಮ್ಮುತ್ತಿತ್ತು, ಸ್ಟಾರ್ಟಾಗುತ್ತಿರಲಿಲ್ಲ. ಓಡಿಸುವವನು ಚೋಕನ್ನು ಪೂರ್ತಿ ಎಳೆದು, ಮೇಲಿಂದ ಆಕ್ಸಿಲರೇಟರನ್ನೂ ತುಳಿಯುತ್ತಿದ್ದ. ಹಾಗೆ ಮಾಡಿದರೆ ಅದು ಕಂಠಪೂರ್ತಿ ಪೆಟ್ರೋಲು ಕುಡಿದು ಮುನಿಸಿಕೊಂಡು ಕೂರುತ್ತದೆ.

"ಚೋಕ್ ಅರ್ಧ ಎಳೀರಿ. ಕಾಲು ತೆಗೀರಿ. ಈಗ ಹೊಡೀರಿ" ಎಂದೆ. ಸ್ಟಾರ್ಟಾಯಿತು.

"ಅಕ್ಕಾ, ನೀವು ಮೆಕ್ಯಾನಿಕ್ಕಾ?"

"ಅಲ್ಲ. ಅದರ ಹಳೇ ಮನೆಯವಳು."

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಸೀಟಿ ಎನ್ನುತ್ತಾರೆ. ಸವಾರಿಯಿಲ್ಲದಾಗ ಇಡೀ ದಿನ ಶಿಳ್ಳೆ ಹಾಕುತ್ತ ಬಾನೆಟ್ಟಿಗೆ ಒರಗಿರುತ್ತಾನೆ. ಯಾರನ್ನಾದರೂ ಕೆಳಗೆ ತಂದರೆಂದರೆ ಶಿಳ್ಳೆ ನಿಲ್ಲುತ್ತದೆ. ಮಿಕ್ಕಂತೆ ಬಾಯಿಗೆ ಬಿಡುವಿಲ್ಲ. "ನನ್ನ ಸವಾರಿಗಳು ತುಟಿ ಬಿಚ್ಚಲ್ಲ ಅಕ್ಕಾ, ಮಾತೆಲ್ಲ ನನ್ನ ಹೊಟ್ಟೇಲೇ ಉಳ್ಕೊಂಡುಬಿಡುತ್ತೆ" ಎಂದ. ಗಾಡಿಯ ಮೇಲೆ ಅವನಿಗೆ ನೂರು ದೂರು. ಮೊಂಡು ಹೆಂಗಸು, ತಿರುವಿನಲ್ಲಿ ಸೊಂಟ ಬಳುಕಿಸುತ್ತೆ, ಹಿಂಬಾಗಿಲು ಒಂದೇ ಸಲಕ್ಕೆ ಕೂರುವುದಿಲ್ಲ. ಅದು ಯಾವತ್ತೂ ಹಾಗೇ, ಎರಡು ಸಲ ಬಡಿಯಬೇಕು ಎಂದೆ.

ಒಳಗೆ ಇಣುಕಿದೆ. ಹಿಂದಿನ ಸೀಟುಗಳೆಲ್ಲ ಹೋಗಿವೆ. ಹಳಿಯ ಮೇಲೆ ಜಾರುವ ಒಂದು ತಗಡಿನ ಹಾಸು ಇದೆ. ಹೆಚ್ಚು ಹೊತ್ತು ನೋಡಲಿಲ್ಲ.

ಮಾರ್ಚ್ ೧೦, ಸೋಮವಾರ

ನಾಳೆಯಿಂದ ಹೊಸ ಔಷಧಿ. ಕಾದು ನೋಡೋಣ ಎಂದರು ಡಾಕ್ಟರು. ವಾರ್ಡಿನ ಹಿರಿಯ ನರ್ಸು, ಕೆಲವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ ಎಂದರು. ಆಸೆ ಇಟ್ಟುಕೊಳ್ಳಬಹುದು.

ಮಾರ್ಚ್ ೧೩, ಗುರುವಾರ

ಸಂಜೆ ಇವರು, "ವಾದ್ಯದವರಿಗೆ ಇವತ್ತು ಎರಡು ಕಾರ್ಯಕ್ರಮ ಇತ್ತೇನೋ?" ಎಂದರು.

ಇವತ್ತು ಹಿಂದಿನ ಗೇಟಿನಿಂದ ಇಬ್ಬರು ಹೋಗಿದ್ದರು. ಯಾಕೆ ಹಾಗೆ ಕೇಳಿದಿರಿ ಎಂದೆ.

"ಸುಮ್ಮನೆ. ಬೇಡಿಕೆ ಇರೋ ತಂಡ ಅಲ್ವಾ."

"ಎರಡು ಇತ್ತು."

"ಜನ ಬಂದಿದ್ರಾ?"

"ಬೆಳಿಗ್ಗೆಯದಕ್ಕೆ ಅಂಗಳ ತುಂಬ ಜನ. ಮಧ್ಯಾಹ್ನದ್ದಕ್ಕೆ ಇಬ್ಬರೇ."

"ಇಬ್ಬರೇ ಆದ್ರೂ ನುಡಿಸಬೇಕಲ್ಲ" ಎಂದು ಕಣ್ಣು ಮುಚ್ಚಿದರು.

ಮಂಚದ ಪಕ್ಕದ ಮೇಜು ಅಲುಗಾಡಿ ಔಷಧಿ ಸೀಸೆ ಬೀಳುತ್ತಿತ್ತು. ಅದರ ಕಾಲಿನಡಿ ಕವನ ಸಂಕಲನ ಕೊಟ್ಟೆ. ಈಗ ಅಲುಗಾಡುವುದಿಲ್ಲ.

ಮಾರ್ಚ್ ೧೬, ಭಾನುವಾರ

ಮಗಳು ಬಂದಿದ್ದಳು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ ಅವಳದು. ಬಿಡುವು ಸಿಕ್ಕರೆ ಸಮವಸ್ತ್ರದಲ್ಲೇ ಇಳಿದು ಬಂದುಬಿಡುತ್ತಾಳೆ. ಅಪ್ಪನ ಹತ್ತಿರ ನಗುನಗುತ್ತ ಕೂತಿದ್ದವಳು ನನ್ನನ್ನು ಮೆಟ್ಟಿಲ ಬಳಿಗೆ ಎಳೆದುಕೊಂಡು ಹೋದಳು.

"ಅಮ್ಮ, ಕೆಳಗೆ ನಿಂತಿರೋ ಹೆಣದ ಗಾಡಿ ನಮ್ಮದು."

"ಗೊತ್ತು."

"ಗೊತ್ತಾ? ಅಪ್ಪ ಅದ್ಯಾವುದೋ ವಾದ್ಯದವರ ಕಥೆ ಹೇಳ್ತಿದ್ದಾರೆ. ಆ ದೊಡ್ಡ ವಾದ್ಯಕ್ಕೆ ಶೀತ ಆಗಿತ್ತಂತೆ."

"ಅದು ನಾನು ಹೇಳಿದ್ದು."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಎಂ.ಎ. ಮಾಡಿದ್ದು ಇದಕ್ಕಾ ನೀನು?" ಎಂದು ನಗಲು ಹೋಗಿ ಅತ್ತಳು. ತನ್ನ 'ಸಿಂಹಾಸನ' ಏನಾಯಿತು ಎಂದು ಕೇಳಿದಳು. ಕಿತ್ತಿದ್ದಾರೆ ಎಂದೆ. ಆ ಜಾಗಕ್ಕೆ ಈಗ ತಲೆ ಬರುತ್ತದೋ ಕಾಲು ಬರುತ್ತದೋ ಎಂದಳು. ಕಾಲು ಎಂದೆ. ಸೀಟಿ ಹೇಳಿದ್ದ, ತಲೆ ಯಾವಾಗಲೂ ಮುಂದಕ್ಕೆ. ಇದನ್ನೆಲ್ಲ ನೀನು ಹೇಗೆ ಇಷ್ಟು ಸಲೀಸಾಗಿ ಹೇಳುತ್ತೀಯ ಎಂದು ನನ್ನನ್ನೇ ನೋಡಿದಳು. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೆ.

ಬೇರೆ ಯಾರಾದರೂ ಬಾಯಿಬಿಡುವ ಮೊದಲು ನೀನೇ ಅಪ್ಪನಿಗೆ ನಿಜ ಹೇಳಿಬಿಡು ಎಂದು ಹೋದಳು. ಹೇಳಬೇಕು. ಆದರೆ ಬೆಳಿಗ್ಗೆ ಕಣ್ಣುಬಿಟ್ಟಾಗ ಅವರು ಕೇಳುವುದು ಅದೊಂದನ್ನೇ. ತಮ್ಮ ರಕ್ತದ ವರದಿ ಏನಾಯಿತೆಂದು ಒಮ್ಮೆಯೂ ಕೇಳಿದವರಲ್ಲ.

ಮಾರ್ಚ್ ೧೮, ಮಂಗಳವಾರ

ವಾದ್ಯದವರ ಗಾಡಿಯ ಮೇಲೆ ಒಂದು ಹೆಸರು ಬೇಡವೇ, ಬರೆದುಕೊಡುತ್ತೇನೆ ಎಂದರು ಅವರು. ಕಾಗದ, ಪೆನ್ಸಿಲು ತಂದುಕೊಟ್ಟೆ. ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದೆವು, ನಾನು ಮತ್ತು ನರ್ಸು. ಮೊದಲ ಅಕ್ಷರದ ತಲೆಕಟ್ಟು ಎಳೆಯಲು ಶುರುಮಾಡಿದರು. ಗೆರೆ ಹೊರಟದ್ದು ನಿಲ್ಲಲಿಲ್ಲ. ಓರೆಯಾಗಿ ಇಳಿಯುತ್ತ ಕಾಗದ ದಾಟಿ, ಹೊದಿಕೆಯ ಮೇಲೆ ಹೋಗಿ ನಿಂತಿತು.

ಅಂಗಡಿಗಳ ಬೋರ್ಡಿಗೆ ಸ್ಕೇಲು ಹಿಡಿಯದೆ ಆಳುದ್ದದ ಗೆರೆ ಎಳೆಯುತ್ತಿದ್ದ ಕೈ ಅದು. ತಲೆಕಟ್ಟು ನೆಟ್ಟಗಿದ್ದರೆ ಅಕ್ಷರ ತಾನೇ ನಿಲ್ಲುತ್ತದೆ ಎನ್ನುತ್ತಿದ್ದರು.

ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು ಮಲಗಿದರು. ಹೊದಿಕೆ ಬದಲಾಯಿಸಿದೆ.

ಮಾರ್ಚ್ ೨೧, ಶುಕ್ರವಾರ

ಇವತ್ತು ನಡೆದದ್ದನ್ನು ಎಲ್ಲಿಂದ ಬರೆಯಲಿ.

ಸೀಟಿಯ ಬಲ ಮಣಿಕಟ್ಟು ಊದಿಕೊಂಡಿತ್ತು. ನಿನ್ನೆ ಗಾಲಿ ಬದಲಾಯಿಸುವಾಗ ಜ್ಯಾಕ್ ಜಾರಿತಂತೆ. ವೃದ್ಧಾಶ್ರಮದಿಂದ ಬಂದು ಸೇರಿದ್ದ ಒಬ್ಬ ಮುದುಕಿ ಬೆಳಗಿನ ಜಾವ ಹೋಗಿದ್ದಳು. ಕೇಳುವವರು ಯಾರೂ ಇಲ್ಲ, ಬಿಸಿಲೇರುವ ಮೊದಲು ಸ್ಮಶಾನ ಮುಟ್ಟಿಸಬೇಕು. ಬದಲಿ ಡ್ರೈವರು ಫೋನೆತ್ತುತ್ತಿಲ್ಲ. "ಅಕ್ಕಾ, ಈ ಮೊಂಡಿ ನಿಮ್ಮ ಮಾತು ಕೇಳುತ್ತೆ. ನಾನು ಪಕ್ಕದಲ್ಲೇ ಕೂತಿರ್ತೀನಿ" ಎಂದ. ಒಲ್ಲೆ ಎನ್ನಬೇಕೆಂದು ಬಾಯಿ ತೆರೆದವಳು ಕೀ ಈಸಿಕೊಂಡೆ.

ಸೀಟು ಇನ್ನೂ ನನ್ನ ಅಳತೆಯನ್ನು ಮರೆತಿರಲಿಲ್ಲ. ಕ್ಲಚ್ಚು ಅದೇ ಬಿಗಿ. ಎರಡನೇ ಗೇರಿಗೆ ಹಾಕುವಾಗ ಅದೇ ಸಣ್ಣ ಗೊಣಗಾಟ. ಮದುವೆಯಾದ ಹೊಸತರಲ್ಲಿ ಅವರು ನನಗೆ ಓಡಿಸಲು ಕಲಿಸಿದ್ದು ಇದರಲ್ಲೇ. ತಿರುವು ಬಂದಾಗ ಹೆದರಿ ಚೂರುಚೂರೇ ತಿರುಗಿಸುತ್ತಿದ್ದೆ. "ಠ ಬರೆಯೋವಾಗ ನಾಲ್ಕು ಸಲ ಕುಂಚ ಎತ್ತುತ್ತೀಯಾ? ಒಂದೇ ಸುತ್ತು, ಕೈ ಬಿಡದೆ" ಎನ್ನುತ್ತಿದ್ದರು. ಇವತ್ತು ಕೆರೆಯ ಏರಿಯ ತಿರುವಿನಲ್ಲಿ ಹಾಗೆಯೇ ಬರೆದೆ. ಬೆಳಗಿನ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ರಸ್ತೆ ಖಾಲಿ. ಎಷ್ಟೋ ತಿಂಗಳ ಮೇಲೆ ನನ್ನ ಬೆನ್ನು ನೆಟ್ಟಗಾಗಿತ್ತು. ಸೀಟಿ ತಿರುಗಿ ನೋಡಿದಾಗಲೇ ಗೊತ್ತಾದದ್ದು, ನಾನು ಗುನುಗುತ್ತಿದ್ದೆ.

"ಹಿಂದೆ ಅಜ್ಜಿ ಇದ್ದಾರೆ ಅಕ್ಕಾ" ಎಂದ ಮೆಲ್ಲಗೆ.

ಮರೆತೇ ಹೋಗಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ವೇಗ ಇಳಿಸಿದೆ. ಸ್ಮಶಾನದಲ್ಲಿ ಹಾಸನ್ನು ಎಳೆಯಲು ಇನ್ನೊಂದು ಕೈ ಬೇಕಿತ್ತು, ಹಿಡಿದೆ. ಹೊದಿಕೆಯ ಹೊರಗೆ ಅವಳ ಹೆಬ್ಬೆರಳು ಕಾಣುತ್ತಿತ್ತು, ಮುಚ್ಚಿದೆ. ಎಷ್ಟು ಹಗುರವಿದ್ದಳು.

ಮೇಲೆ ಬಂದಾಗ ಅವರು ನನ್ನ ಅಂಗೈ ಹಿಡಿದು ಮೂಗಿನ ಹತ್ತಿರ ಒಯ್ದು, "ಪೆಟ್ರೋಲು" ಎಂದರು. ಏನೋ ಒಂದು ನೆವ ಹೇಳಿದೆ. ಕೈ ತೊಳೆಯಬೇಡ, ಸ್ವಲ್ಪ ಹೊತ್ತು ಹಾಗೇ ಇರಲಿ ಎಂದರು.

ಅವರಿಗೆ ಉದ್ದಮ್ಮನೆಂದರೆ ಪ್ರಾಣವಿತ್ತು.

ಮಾರ್ಚ್ ೨೫, ಮಂಗಳವಾರ

ಹೊಸ ಔಷಧಿ ಹಿಡಿಸಲಿಲ್ಲ. ಇಲ್ಲಿ ಮಾಡುವಂಥದ್ದು ಇನ್ನೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು, ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಆಮ್ಲಜನಕದ ಸಿಲಿಂಡರು ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದೆ.

ವಾರ್ಡಿಗೆ ಬಂದು ಅವರಿಗೆ ಹೇಳಿದೆ. ಆಗಲೇ ಗೊತ್ತಿದ್ದವರಂತೆ ತಲೆಯಾಡಿಸಿದರು.

"ಉದ್ದಮ್ಮನಲ್ಲಿ ಕರ್ಕೊಂಡು ಹೋಗು. ಮುಂದೆ ಕೂತು ಹೋಗ್ತೀನಿ, ನೀನು ಓಡಿಸು."

"ವಾದ್ಯದವರು ಊರಲ್ಲಿಲ್ಲ. ದೂರ ಹೋಗಿದ್ದಾರಂತೆ."

"ಕೆಳಗೆ ಶಿಳ್ಳೆ ಕೇಳ್ತಿದೆಯಲ್ಲೇ. ಗಾಡಿ ಖಾಲಿ ಇರಬೇಕು."

ಕಿಟಕಿಯಿಂದ ಶಿಳ್ಳೆ ಬರುತ್ತಲೇ ಇತ್ತು. ನಾನು ಹೊದಿಕೆಯ ಅಂಚನ್ನು ಮಡಚಿದೆ, ಬಿಚ್ಚಿದೆ.

ಸೇರಿಸಿದ ದಿನವೇ ಸ್ಕ್ಯಾನಿಂಗಿಗೆಂದು ಅಂಗಳ ದಾಟಿಸುವಾಗ ಉದ್ದಮ್ಮನನ್ನು ಕಂಡಿದ್ದರಂತೆ. ಬಿಳಿ ಬಳಿದರೆ ಗುರುತು ಸಿಗುವುದಿಲ್ಲವೇ ಎಂದರು. ಆಮೇಲೆ ದಿನವೂ ಹಿಂಬಾಗಿಲು ಎರಡೆರಡು ಸಲ ಬಡಿಯುವುದನ್ನು ಎಣಿಸುತ್ತ ಮಲಗಿರುತ್ತಿದ್ದರಂತೆ. ಹಾಗಾದರೆ ಯಾರು ತಗೊಂಡರು ಎಂದು ನನ್ನನ್ನು ಯಾಕೆ ಕೇಳಿದಿರಿ ಎಂದೆ.

"ನಿನಗೆ ಗೊತ್ತಾಗಿದೆಯೋ ಇಲ್ವೋ ಅಂತ ಕೇಳಿದೆ. ನೀನು ವಾದ್ಯದವರು ಅಂದೆ." ಉಸಿರಿಗಾಗಿ ನಿಲ್ಲಿಸಿದರು. "ಇಷ್ಟು ವರ್ಷ ನೀನು ಇನ್ನೊಬ್ಬರು ಬರೆದಿದ್ದನ್ನೇ ಓದಿ ಹೇಳ್ತಿದ್ದೆ. ಇದು ನಿನ್ನದೇ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ನಕ್ಕೆನೋ ಅತ್ತೆನೋ ನೆನಪಿಲ್ಲ. ನರ್ಸು ಬಂದು ಏನಾಯಿತು ಎಂದು ಕೇಳಿದರು.

ನರ್ಸು ಹೋದಮೇಲೆ, "ಇನ್ನು ಕಥೆ ಸಾಕು ಕಣೇ" ಎಂದರು. "ಇನ್ಮೇಲೆ ಇದ್ದದ್ದು ಇದ್ದ ಹಾಗೆ ಹೇಳು."

ಸೀಟಿಯನ್ನು ಕೇಳಿದೆ. ಅವನು ಮೊದಲ ಬಾರಿಗೆ ತಡವರಿಸಿದ. "ಬದುಕಿರೋರನ್ನ ಈ ಗಾಡೀಲಿ ಒಯ್ದಿಲ್ಲ ಅಕ್ಕಾ. ಅವರೇನಾದ್ರೂ ಮಾತಾಡಿದ್ರೆ ನಾನೇನು ಹೇಳಲಿ?" ಆಮೇಲೆ, ಗುರುವಾರ ಬೆಳಿಗ್ಗೆ ಗಾಡಿ ತೊಳೆದಿಡುತ್ತೇನೆ ಎಂದ.

ಮಾರ್ಚ್ ೨೭, ಗುರುವಾರ

ಮುಂದೆ ಕೂರಲು ಆಗಲಿಲ್ಲ.

ಮೂವರು ಸೇರಿ ಇವರನ್ನು ಎತ್ತಿ ನನ್ನ ಪಕ್ಕದ ಸೀಟಿಗೆ ಇಳಿಸಿದರು. ಕತ್ತು ನಿಲ್ಲಲಿಲ್ಲ. ತಲೆ ಎದೆಯ ಮೇಲೆ ಬಿತ್ತು, ತುಟಿ ನೀಲಿಯಾಯಿತು. ಬೆಲ್ಟಿನಿಂದ, ಟವೆಲಿನಿಂದ, ಕೊನೆಗೆ ನನ್ನ ಕೈಯಿಂದ ಹಿಡಿದು ನೋಡಿದೆವು. ನರ್ಸು ಬೇಡವೆಂದು ತಲೆಯಾಡಿಸಿದರು. ಮತ್ತೆ ಎತ್ತಿ, ಗಾಡಿಯ ಹಿಂದಕ್ಕೆ ತಂದು, ತಗಡಿನ ಹಾಸಿನ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ತಲೆ ಮುಂದಕ್ಕೆ. ಒಯ್ಯುವಾಗ ಪಕ್ಕದ ಕಪ್ಪು ಅಕ್ಷರಗಳ ಹತ್ತಿರ ಕೈಯೆತ್ತಿ ನಿಲ್ಲಿಸಿದರು. "ಎರಡು ಅಕ್ಷರದ ನಡುವೆ ಗಾಳಿನೇ ಬಿಟ್ಟಿಲ್ಲ ನೋಡು" ಎಂದರು.

ಸೀಟಿ ಸಿಲಿಂಡರು ಹಿಡಿದು ಹಿಂದೆ ಕೂತ. ಹಿಂಬಾಗಿಲು ಬಡಿದರು. ಮತ್ತೊಮ್ಮೆ ಬಡಿದರು. ನಾನು ಓಡಿಸಿದೆ.

ಹಿಂಬದಿಯ ಗಾಜುಗಳಿಗೆ ಬಣ್ಣ. ಇವರಿಗೆ ಕಾಣುವುದು ಚಾವಣಿ ಮಾತ್ರ. ಪೇಟೆಯ ಬೀದಿಯಲ್ಲೇ ಹೋಗು ಎಂದರು. ಗಾಡಿ ಕಂಡೊಡನೆ ಸ್ಕೂಟರುಗಳು ಬದಿಗೆ ಸರಿದವು. ಮಾತಾಡುತ್ತ ನಿಂತಿದ್ದವರು ಮಾತು ನಿಲ್ಲಿಸಿದರು. ಒಬ್ಬಾತ ಟೋಪಿ ತೆಗೆದ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಬೋರ್ಡು ಸಾಗಿಸೋವಾಗ ಒಬ್ಬನೂ ದಾರಿ ಬಿಡ್ತಿರಲಿಲ್ಲ" ಎಂದರು. "ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ನೋಯ್ತಿತ್ತು."

"ನೀವು ಬದುಕಿದ್ದೀರಿ ಅಂತ ಅವರಿಗೆ ಗೊತ್ತಿಲ್ಲ."

"ಹೇಳಬೇಡ. ಗಾಡಿ ಮುಂದೆ ಹೋಗ್ಲಿ."

ಸೀಟಿ ಕೆಮ್ಮಿದ. ನಗುವೋ ಏನೋ.

ಆಮೇಲೆ ಕೇಳಲು ಶುರುಮಾಡಿದರು. ಈ ಬೀದಿಯ ಬೋರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವರ ಕೈಯವು. ದರ್ಜಿ ಅಂಗಡಿ? ಬೀಗ ಹಾಕಿದೆ, ಬೋರ್ಡಿಲ್ಲ. ಕನ್ನಡಕದ ಅಂಗಡಿ? ಅಂಗಡಿ ಇದೆ, ಬೋರ್ಡು ಬೇರೆ, ಪ್ಲಾಸ್ಟಿಕ್ಕಿನದು, ಒಳಗೆ ದೀಪ ಉರಿಯುತ್ತದೆ. ಔಷಧಿ ಅಂಗಡಿ, ನೀಲಿ ಅಕ್ಷರ? ಆ ಜಾಗದಲ್ಲಿ ಯಾವುದೋ ಫೋನಿನ ಅಂಗಡಿ. ನಾಲಿಗೆಯ ತುದಿಗೆ ‘ಇದೆ’ ಎಂಬ ಮಾತು ಪ್ರತಿ ಸಲವೂ ಬಂದು ನಿಂತಿತು. ನುಂಗಿ ನುಂಗಿ ‘ಇಲ್ಲ’ ಎಂದೆ. ಆಸ್ಪತ್ರೆಗೂ ಗ್ರಂಥಾಲಯಕ್ಕೂ ನಿತ್ಯ ಓಡಾಡುವ ಬೀದಿ ಇದು. ಅವೆಲ್ಲ ಹೋಗಿ ಎಷ್ಟು ಕಾಲವಾಯಿತೋ, ನಾನೂ ತಲೆಯೆತ್ತಿ ನೋಡಿರಲಿಲ್ಲ.

"ಶಾಲೆಯ ಗೋಡೆ?"

ಶಾಲೆಯ ಉದ್ದನೆಯ ಗೋಡೆಯ ಮೇಲೆ ಇಡೀ ಬೇಸಿಗೆ ಕೂತು ಅಕ್ಷರಮಾಲೆ ಬರೆದಿದ್ದರು. ಪ್ರತಿ ಅಕ್ಷರವೂ ಮಗುವಿನೆತ್ತರ. ಗಾಡಿ ನಿಲ್ಲಿಸಿದೆ.

"ಸುಣ್ಣ ಬಳಿದಿದ್ದಾರೆ."

"ಸುಣ್ಣದಡಿ ತಲೆಕಟ್ಟು ಕಾಣುತ್ತಾ? ಎಣ್ಣೆ ಬಣ್ಣ ಅದು, ಮೇಲೆ ಉಬ್ಬಿ ಕಾಣಬೇಕು. ಇಳಿದು ನೋಡು."

ಇಳಿದೆ. ಗೋಡೆಯ ಉದ್ದಕ್ಕೂ ನಡೆದೆ. ಕೈಯಾಡಿಸಿಯೂ ನೋಡಿದೆ. ಎಲ್ಲಿಯೂ ಒಂದು ಗೆರೆ ಸಿಗಲಿಲ್ಲ. ವಾಪಸು ಬಂದು, "ಇಲ್ಲರೀ" ಎಂದೆ.

ಹತ್ತಿ ಕೂತು ಬಾಗಿಲು ಹಾಕಿಕೊಂಡೆ.

"ಚೆನ್ನಾಗೇ ಬಳಿದಿದ್ದಾನೆ ಹಾಗಾದ್ರೆ" ಎಂದರು.

ಮನೆಯವರೆಗೂ ಮತ್ತೇನನ್ನೂ ಕೇಳಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಮುಂದಿನ ಕೋಣೆಯಲ್ಲಿ ಮಂಚ ಹಾಕಿದ್ದೇವೆ. ಮಗಳಿಗೆ ಫೋನು ಮಾಡಿದ್ದೇನೆ, ರಾತ್ರಿಯ ರೈಲಿಗೆ ಹೊರಡುತ್ತಾಳೆ.

ನಿನ್ನೆ ಸೀಟಿ ಹೊರಡುವಾಗ ಅಂಗಳದಲ್ಲಿ ಕೈ ಹಿಸುಕುತ್ತ ನಿಂತ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಗಾಡಿ ಇಲ್ಲೇ ಇರಲಿ. ಆಸ್ಪತ್ರೆಗೆ ಇನ್ನೊಂದು ವ್ಯಾನು ಹೇಳಿದ್ದೀನಿ. ಇವತ್ತು ಒಯ್ದು, ಮತ್ತೆ ನಾಳೆ ನಾಡಿದ್ದು..." ಎಂದು ಅಲ್ಲಿಗೇ ಬಿಟ್ಟ. ನೆರಳಿಗೆ ನಿಲ್ಲಿಸಿ ಎಂದೆ.

ಇವತ್ತು ಬೆಳಗಾದಾಗಿನಿಂದ ಜನ ಬರುತ್ತಿದ್ದಾರೆ. ಗಾಡಿ ನೋಡಿ ಬರುತ್ತಾರೆ. ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಪ್ಪಲಿ ಗೇಟಿನ ಹೊರಗೇ ಬಿಟ್ಟು, ತಲೆ ತಗ್ಗಿಸಿ ನಿಂತಿದ್ದರು.

"ಯಾವಾಗ ಆಯ್ತಮ್ಮ?" ಎಂದರು.

"ಇನ್ನೂ ಆಗಿಲ್ಲ" ಎಂದೆ.

ಅವರು ಬೆಚ್ಚಿ ನನ್ನ ಮುಖ ನೋಡಿದರು. ಯಾಕೆ ಹಾಗೆ ನೋಡಿದರೋ. ಅಡುಗೆ ಆಗಿಲ್ಲ ಎನ್ನುವಷ್ಟು ಸಹಜವಾಗಿಯೇ ಹೇಳಿದ್ದೆ.

ಒಳಗಿನಿಂದ ಇವರು ಯಾರು ಎಂದು ಕೇಳಿದರು. ಧ್ವನಿ ಈಗ ಕಾಗದ ಸರಿಸಿದಷ್ಟೇ. ಹತ್ತಿರ ಹೋಗಿ ಬಗ್ಗಬೇಕು.

"ಪಕ್ಕದ ಮನೆಯವರು. ನಿಮ್ಮನ್ನ ಕಳಿಸಿಕೊಡೋಕೆ ಬಂದಿದ್ರು."

ಕಣ್ಣು ಸ್ವಲ್ಪ ಅರಳಿತು. "ಇನ್ನೂ ಬರ್ತಾರಾ?"

"ಬರ್ತಾರೆ. ಬೀದಿ ಪೂರ್ತಿ ಬರುತ್ತೆ."

"ನಾಳೆ ಬನ್ನಿ ಅಂತ ಬೋರ್ಡು ಹಾಕು."

ತಮಾಷೆಯೆಂದುಕೊಂಡೆ. ಅಲ್ಲ. ಕಣ್ಣಿನಿಂದಲೇ ಅಟ್ಟದ ಕಡೆ ತೋರಿಸಿದರು. ಅಲ್ಲಿಂದ ಒಂದು ತುಂಡು ಹಲಗೆ, ಗಟ್ಟಿಯಾಗಿದ್ದ ಕಪ್ಪು ಬಣ್ಣದ ಡಬ್ಬಿ, ಕುಂಚ ಇಳಿಸಿದೆ. ಬಣ್ಣ ಕಲಸಿದೆ. ಮನೆಯೆಲ್ಲ ಟರ್ಪಂಟೈನ್. ಮಂಚದ ಪಕ್ಕ ನೆಲದ ಮೇಲೆ ಕೂತು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ಬೋರ್ಡು ಬರೆದೆ. ತಲೆಕಟ್ಟು ಸೊಟ್ಟಗಾಯಿತು. ಎತ್ತಿ ತೋರಿಸಿದೆ. ನೋಡುತ್ತಲೇ ಇದ್ದರು. ತುಟಿ ಅಲುಗಿತು. ಬಗ್ಗಿದೆ.

"ಗಾಳಿ ಬಿಟ್ಟಿದ್ದೀಯ" ಎಂದರು. "ಪರವಾಗಿಲ್ಲ."

ಗೇಟಿಗೆ ತೂಗುಹಾಕಿ ಬಂದೆ. ಆಮೇಲೆ ಯಾರೂ ಬರಲಿಲ್ಲ. ಓದಿ, ನಿಂತು, ಹೊರಟುಹೋಗುತ್ತಿದ್ದಾರೆ. ಇವರಿಗೆ ನಿದ್ದೆ ಹತ್ತಿದೆ. ಎಬ್ಬಿಸಿ ನೀರು ಕೊಡೋಣವೆಂದು ಸಂಜೆ ಎರಡು ಸಲ ಪ್ರಯತ್ನಿಸಿದೆ.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಬೋರ್ಡು ತೆಗೆದೆ.